ಓದುಗರ ಪ್ರಶ್ನೆ: ಕೋಬೇನ್ ಪೆಡಲ್ಲು, ನಮ್ಮೂರ ಮೈಕ್ ಸೆಟ್ಟು

ಹೋದ ಸಂಚಿಕೇಲಿ ಅಮೆರಿಕದ ರಾಕ್ ಬ್ಯಾಂಡು ನಿರ್ವಾಣದ ಕರ್ಟ್ ಕೋಬೇನ್ ಗಿಟಾರ್ ಬಗ್ಗೆ ನಾಲ್ಕು ಸಾಲು ಬರೆದಿದ್ದಕ್ಕೆ ಇಷ್ಟೊಂದು ಪತ್ರ ಬರುತ್ತೆ ಅಂದ್ಕೊಂಡಿರ್ಲಿಲ್ಲ, ಅದೂ ಹೆಚ್ಚಿನವು ಮೈಸೂರು ಮಂಡ್ಯ ಕಡೆಯಿಂದ್ಲೇ. ಓದಿ ತುಂಬಾ ಖುಷಿಯಾಯ್ತು. ಆದ್ರೆ ಬಹಳ ಜನ ಕೇಳಿರೋದು ಯಾವ ಪೆಡಲ್ (ಗಿಟಾರ್ ದನಿ ಬದಲಾಯಿಸೋಕೆ ಕಾಲಲ್ಲಿ ಒತ್ತೋ ಡಬ್ಬ) ತಗೊಳ್ಲಿ ಅಂತ ಅಷ್ಟೇ. ಪೆಡಲ್ ಮುಂದೆ ಏನಿದೆ, ಹಿಂದೆ ಏನಿದೆ, ಕರೆಂಟ್ ಎಲ್ಲಿಂದ ಬರ್ತಿದೆ ಅಂತ ಕೇಳಿದವರು ಒಬ್ರೋ ಇಬ್ರೋ. ಅವರ ಪ್ರಶ್ನೆಗೇ ಈ ಸಲ ಜಾಸ್ತಿ ಜಾಗ ಕೊಟ್ಟಿದೀನಿ.

*

ಪ್ರಶ್ನೆ: ಅಣ್ಣಾ, ನಂದು ಕುವೆಂಪುನಗರ, ಸೆಕೆಂಡ್ ಪಿಯು ಮುಗೀತು. ಅಜ್ಜಿ ಕೊಟ್ಟಿದ್ದು, ಹಬ್ಬದ ದುಡ್ಡು ಎಲ್ಲಾ ಸೇರಿ ಹತ್ತು ಸಾವಿರ ಕೂಡಿಟ್ಟಿದೀನಿ. ಸ್ಟ್ರಾಟ್ ತರದ ಗಿಟಾರ್ ಇದೆ. ಕೋಬೇನ್ ಸೌಂಡ್ ಬರ್ಬೇಕು ಅಂದ್ರೆ ಬಾಸ್ ಕಂಪ್ನಿಯ ಡಿಎಸ್-1 ಪೆಡಲ್ ತಗೊಳ್ಲಾ ಡಿಎಸ್-2 ತಗೊಳ್ಲಾ? ಫ್ರೆಂಡ್ ಹತ್ರ ಡಿಎಸ್-1 ಇದೆ, ಅದನ್ನ ನಮ್ಮ ಏರಿಯಾ ಗಣೇಶನ ಮೈಕ್ ಸೆಟ್ಟಿಗೆ ಹಾಕಿ ನೋಡಿದ್ವಿ, ಜೇನುಹುಳಾನ ಡಬ್ಬದಲ್ಲಿ ಹಾಕಿ ಅಲ್ಲಾಡ್ಸಿದಂಗೆ ಬಂತು.

ಉತ್ತರ: ಜೇನುಹುಳ ಅಂದ್ಯಲ್ಲ, ಉತ್ತರ ಅಲ್ಲೇ ಇದೆ ಕಣಪ್ಪ. ಪೆಡಲ್ ಕೆಟ್ಟಿಲ್ಲ. ಪೆಡಲ್ ಆದ್ಮೇಲೆ ಸಿಗ್ನಲ್ ಎಲ್ಲಿಗೆ ಹೋಯ್ತು ಅನ್ನೋದರಲ್ಲಿ ಎಡವಟ್ಟಾಗಿದೆ.

ಡಿಎಸ್-1 ಅನ್ನೋದು 1978ರಿಂದ ಬರ್ತಿರೋ ಕಿತ್ತಳೆ ಬಣ್ಣದ ಡಬ್ಬ, ಮೂರೇ ನಾಬು, ಟೋನ್, ಲೆವೆಲ್, ಡಿಸ್ಟ್ (ಡಿಸ್ಟಾರ್ಷನ್, ಅಂದ್ರೆ ದನಿ ಒಡೆಯೋ ಹಂಗೆ ಮಾಡೋದು). ಒಳಗೆ ಗಿಟಾರಿನ ಸಣ್ಣ ಸಿಗ್ನಲ್ಲನ್ನ ಮೊದಲು ಚೆನ್ನಾಗಿ ಉಬ್ಬಿಸಿ ಆಮೇಲೆ ಎರಡು ಪುಟ್ಟ ಡಯೋಡ್ ಮುಂದೆ ಬಿಡ್ತಾರೆ, ಅಲೆ 0.6 ವೋಲ್ಟ್ ಆಸುಪಾಸು ದಾಟಿದ ತಕ್ಷಣ ಆ ಡಯೋಡು ತಲೆ ಕತ್ತರಿಸಿ ಹಾಕುತ್ತೆ. ಹಂಗೆ ಕತ್ತರಿಸಿದ ಅಂಚಲ್ಲೇ ಹೊಸ ಹೊಸ ಮೇಲಿನ ಸ್ವರಗಳು ಹುಟ್ಕೊಳ್ಳೋದು, ನಮಗೆ ಇಷ್ಟ ಆಗೋ ಆ ಗರಗರ ಅದೇ. ಆದ್ರೆ ಅದರ ಜೊತೆಗೆ ಕಿವಿಗೆ ಚುಚ್ಚೋ ಕಸಾನೂ ಬರುತ್ತೆ. ಗಿಟಾರ್ ಆಂಪಿನ (ಆಂಪ್ಲಿಫೈಯರ್) 12 ಇಂಚಿನ ಸ್ಪೀಕರ್ ಇದೆಯಲ್ಲ, ಅದು 5,000 ಹರ್ಟ್ಜ್ ದಾಟಿದ್ಮೇಲೆ ಹೆಚ್ಚೇನೂ ಹಾಡಲ್ಲ, ಜರಡಿ ಇದ್ದಂಗೆ, ಕಸ ಎಲ್ಲಾ ಅಲ್ಲೇ ನಿಲ್ಲುತ್ತೆ. ಮೈಕ್ ಸೆಟ್ಟಿನ ಹಾರ್ನ್ ಇರೋದು ಭಾಷಣ, ಮಂತ್ರ, ಅನೌನ್ಸ್‌ಮೆಂಟು ದೂರಕ್ಕೆ ಕೇಳಿಸ್ಲಿ ಅಂತ, ಅದಕ್ಕೆ ಜರಡಿ ಇಲ್ಲ, ಆ ಕಸಾನೇ ಎತ್ತಿ ಎತ್ತಿ ಕೇಳಿಸುತ್ತೆ. ಅದೇ ನಿನ್ನ ಜೇನುಹುಳ.

ಕೋಬೇನ್ ಶುರುವಿನ ವರ್ಷಗಳಲ್ಲಿ ಡಿಎಸ್-1, ಆಮೇಲಾಮೇಲೆ ಡಿಎಸ್-2 ಇಟ್ಕೊಂಡಿದ್ದ. ಎರಡೂ ಆಗ್ಲೇ ಅಂಗಡೀಲಿ ಸುಲಭಕ್ಕೆ ಸಿಗ್ತಿದ್ದ ಸಾಮಾನ್ಯ ಪೆಡಲ್‌ಗಳು, ಅವನಿಗೋಸ್ಕರ ಯಾರೂ ವಿಶೇಷವಾಗಿ ಮಾಡಿಕೊಟ್ಟಿದ್ದಲ್ಲ. ಆದ್ರೆ ನಿರ್ವಾಣದ 1991ರ ‘ನೆವರ್‌ಮೈಂಡ್’ ಆಲ್ಬಂ ರೆಕಾರ್ಡ್ ಮಾಡುವಾಗ ಅವುಗಳ ಮುಂದೆ ಇದ್ದದ್ದು ಮೆಸಾ ಬೂಗಿ, ವಾಕ್ಸ್ ಎಸಿ30, ಫೆಂಡರ್ ಬ್ಯಾಸ್‌ಮನ್ ಅಂತ ಆಂಪುಗಳು. ಕೊನೇ ವರ್ಷಗಳ ಟೂರಲ್ಲಿ ಸ್ಯಾನ್ಸ್‌ಆಂಪ್ ಅನ್ನೋ ಡಬ್ಬಾನೂ ಅವನ ಕಾಲ ಹತ್ರ ಇರ್ತಿತ್ತು, ಅದರ ಕೆಲಸ ಏನಂದ್ರೆ ಆಂಪು ಮಾಡೋ ಕೆಲಸಾನ ಪೆಡಲ್ ಒಳಗೇ ಮಾಡೋದು. ನಿನ್ನಂಥವರಿಗೆ ಅದು ತುಂಬಾ ಉಪಯೋಗದ ವಿಷಯ.

ಹಾಗಾಗಿ ಡಿಎಸ್-1 ಫ್ರೆಂಡ್ ಹತ್ರ ಕಡ ತಗೋ, ಆ ಹತ್ತು ಸಾವಿರದಲ್ಲಿ ಸೆಕೆಂಡ್ ಹ್ಯಾಂಡ್ ಆದ್ರೂ ಪರ್ವಾಗಿಲ್ಲ ನಿಜವಾದ ಸ್ಪೀಕರ್ ಇರೋ ಒಂದು ಚಿಕ್ಕ ಗಿಟಾರ್ ಆಂಪು ನೋಡು. ಮೈಕ್ ಸೆಟ್ಟಲ್ಲೇ ನುಡಿಸ್ಬೇಕು ಅನ್ನೋದಾದ್ರೆ ಕ್ಯಾಬ್ ಸಿಮ್ಯುಲೇಷನ್ (ಆಂಪಿನ ಸ್ಪೀಕರ್ ಪೆಟ್ಟಿಗೇನ ಅನುಕರಿಸೋದು) ಇರೋ ಪೆಡಲ್ ತಗೋ, ಅದೇ ನಿನ್ನ ಜರಡಿ. ಎರಡೂ ಆಗಲ್ವಾ, ಮಿಕ್ಸರಲ್ಲಿ ಆ ಚಾನಲ್ಲಿನ ಟ್ರೆಬಲ್ ಪೂರ್ತಿ ಇಳಿಸಿ ಪೆಡಲ್ಲಿನ ಟೋನ್ ಕಾಲು ಭಾಗಕ್ಕೆ ಇಡು, ಅಷ್ಟರಲ್ಲೇ ಎಷ್ಟೋ ಸುಧಾರಿಸುತ್ತೆ.

ಇನ್ನೊಂದು ಮಾತು, ದಯವಿಟ್ಟು ಇದನ್ನ ಬಿಡ್ಬೇಡ. ಅವನ ಹಾಡುಗಳಲ್ಲಿ ಚರಣ ಮೆತ್ತಗೆ ಇದ್ದು ಕೋರಸ್ ಬಂದಾಗ ಧಡಾರ್ ಅಂತ ತೆರ್ಕೊಳ್ಳುತ್ತಲ್ಲ, ಆ ಧಡಾರ್ ಪೆಡಲ್ಲಿಂದ ಎಷ್ಟು ಬಂತೋ ಅದರ ಮುಂಚಿನ ಮೆತ್ತಗಿಂದ್ಲೂ ಅಷ್ಟೇ ಬಂತು. ಡಿಸ್ಟಾರ್ಷನ್ ಇಡೀ ಹಾಡಿಗೆ ಆನ್ ಮಾಡಿ ಬಿಟ್ರೆ ಎರಡು ನಿಮಿಷಕ್ಕೆ ಕಿವಿ ಒಗ್ಗಿಹೋಗುತ್ತೆ, ಆಮೇಲೆ ಏನೂ ಅನ್ಸಲ್ಲ. ತಾಳದ ಸಮಕ್ಕೆ ಸರಿಯಾಗಿ ಕಾಲು ಬೀಳ್ಬೇಕು, ಅರ್ಧ ಅಕ್ಷರ ತಡ ಆದ್ರೂ ಹಾಡು ಮುಗ್ಗರಿಸುತ್ತೆ. ಗಿಟಾರ್ ಇಲ್ದೇನೇ, ಹಾಡು ಹಾಕ್ಕೊಂಡು ಬರೀ ಕಾಲಲ್ಲಿ ಪೆಡಲ್ ಒತ್ತೋದನ್ನ ಒಂದು ವಾರ ಅಭ್ಯಾಸ ಮಾಡು.

*

ಪ್ರಶ್ನೆ: ವಿಜಯನಗರ ಎರಡನೇ ಹಂತದಿಂದ ಬರೀತಿದೀನಿ ಸರ್. ನಿರ್ವಾಣದ ‘ಕಮ್ ಆಸ್ ಯೂ ಆರ್’ ಹಾಡಿನ ಶುರುವಲ್ಲಿ ಗಿಟಾರ್ ನೀರೊಳಗೆ ಇದ್ದಂಗೆ ಕೇಳುತ್ತಲ್ಲ, ಅದು ಏನು? ಮತ್ತೆ ನಾನು ಅದೇ ನೋಟ್ಸ್ ನುಡಿಸಿದ್ರೂ ಯಾಕೆ ಹಾಡಿಗೆ ಸೇರ್ತಿಲ್ಲ?

ಉತ್ತರ: ಅದು ಎಲೆಕ್ಟ್ರೋ-ಹಾರ್ಮೋನಿಕ್ಸ್ ಕಂಪ್ನಿಯ ಸ್ಮಾಲ್ ಕ್ಲೋನ್ ಅನ್ನೋ ಕೋರಸ್ ಪೆಡಲ್. ಒಂದು ನಾಬು, ಒಂದು ಸ್ವಿಚ್ಚು, ಮುಗೀತು. ಭಜನೆ ಮನೇಲಿ ಹತ್ತು ಜನ ಒಂದೇ ಸಾಲು ಹಾಡುವಾಗ ಯಾರದ್ದೂ ಶ್ರುತಿ ಕೂದಲೆಳೆಯಷ್ಟೂ ಒಂದೇ ಇರಲ್ಲ, ಒಬ್ರು ಒಂಚೂರು ಹಿಂದೆ ಒಬ್ರು ಒಂಚೂರು ಮುಂದೆ, ಅದಕ್ಕೇ ಆ ದನಿ ದಪ್ಪವಾಗಿ ತೇಲಿದಂಗೆ ಕೇಳೋದು. ಪೆಡಲ್ ಮಾಡೋದೂ ಅದೇ. ನಿಮ್ಮ ಸಿಗ್ನಲ್ಲಿನ ಒಂದು ನಕಲು ಮಾಡಿ ಕೆಲವೇ ಮಿಲಿಸೆಕೆಂಡು ತಡ ಮಾಡಿ, ಆ ತಡಾನ ಮೇಲೆ ಕೆಳಗೆ ತೂಗಿಸ್ತಾ ಮೂಲದ ಜೊತೆ ಸೇರಿಸುತ್ತೆ. ಒಳಗಿರೋ ಚಿಪ್ಪಿಗೆ ಬಕೆಟ್ ಬ್ರಿಗೇಡ್ ಅಂತಾರೆ, ಬೆಂಕಿ ಬಿದ್ದಾಗ ಜನ ಸಾಲಲ್ಲಿ ನಿಂತು ಕೈಯಿಂದ ಕೈಗೆ ಬಕೆಟ್ ದಾಟಿಸ್ತಾರಲ್ಲ, ಹಂಗೆ ಸಿಗ್ನಲ್ಲನ್ನ ಒಂದು ಕೆಪಾಸಿಟರಿಂದ ಇನ್ನೊಂದಕ್ಕೆ ದಾಟಿಸ್ತಾ ಹೋಗುತ್ತೆ, ಅಷ್ಟರಲ್ಲಿ ತಡ ಆಗಿರುತ್ತೆ.

ಸೇರ್ತಿಲ್ಲ ಅಂದ್ರಲ್ಲ, ಆ ಹಾಡಲ್ಲಿ ಆರೂ ತಂತಿ ಒಂದು ಪೂರ್ತಿ ಸ್ವರ ಇಳಿಸಿದಾರೆ, ದಪ್ಪ ತಂತಿ ಇ ಬದಲು ಡಿ. ಎಲ್ಲಾ ಇಳಿಸಿ ನೋಡಿ. ತಂತಿ ಸಡಿಲ ಆಗಿ ಫ್ರೆಟ್ಟಿಗೆ ಬಡೀತಿದ್ರೆ ಒಂದು ಸೈಜ್ ದಪ್ಪ ತಂತಿ ಹಾಕಿ. ಡಿಸ್ಟಾರ್ಷನ್ನೂ ಕೋರಸ್ಸೂ ಎರಡೂ ಇದ್ರೆ ಡಿಸ್ಟಾರ್ಷನ್ ಮೊದ್ಲು, ಕೋರಸ್ ಆಮೇಲೆ.

*

ಪ್ರಶ್ನೆ: ಸಾ, ನಮ್ದು ಮಂಡ್ಯ ತಾಲ್ಲೂಕು. ಊರಬ್ಬ, ಗಣೇಸನ ಪ್ರೋಗ್ರಾಮು, ಮದ್ವೆ ರಿಸೆಪ್ಸನ್ನು ಎಲ್ಲಾಕೂ ಆರ್ಕೆಸ್ಟ್ರಾ ಹೋಯ್ತೀವಿ. ಗಿಟಾರು ನಂದೇ, ಹಾಡೋದೂ ನಾನೇ. ಗಿಟಾರಿಗೆ ಆಂಪು ಅದೆ, ಈಗ ಮಲ್ಟಿ ಎಫೆಕ್ಟು (ನಾಕಾರು ಪೆಡಲ್ಲು ಒಂದೇ ಡಬ್ಬದಾಗೆ) ಹೊಸ್ದಾಗಿ ತಗಂಡಿವ್ನಿ, ಅದ್ರಿಂದ ಒಂದು ಲೈನು ಆಂಪಿಗೆ, ಇನ್ನೊಂದು ಮಿಕ್ಸರ್‌ಗೆ. ಆವಾಗಿಂದ ಬುರ್ ಅಂತ ಒಂದೇ ಸಮ ಹಮ್ಮು ಬತ್ತದೆ, ಮೈಕಿಗೆ ಬಾಯಿ ಇಟ್ರೆ ತುಟಿಗೆ ಚುರ್ ಅಂತದೆ. ಸೌಂಡಿನವ್ನು ಆಂಪಿನ ಪ್ಲಗ್ಗಲ್ಲಿರೋ ದಪ್ಪ ಕಡ್ಡಿ ಕಿತ್ತಾಕು ಹಮ್ಮು ಹೋಯ್ತದೆ ಅಂದ. ಕೀಳ್ಲಾ ಸಾ?

ಉತ್ತರ: ಕೀಳ್ಬೇಡಿ. ಈ ಅಂಕಣದಲ್ಲಿ ಬೇರೆ ಏನೂ ಓದ್ದೇ ಇದ್ರೂ ಪರ್ವಾಗಿಲ್ಲ, ಇದನ್ನ ಓದಿ, ನಿಮ್ಮ ಆರ್ಕೆಸ್ಟ್ರಾದವರಿಗೂ ಓದಿಸಿ.

ಈ ಚುರ್ ನಂಗೆ ಗೊತ್ತು. ಪಾಂಡವಪುರದ ಹತ್ರ ಒಂದೂರಲ್ಲಿ ಗಣೇಶನ ಪ್ರೋಗ್ರಾಮು, ಸಂಜೆ ಮಳೆ ಬಂದು ನಿಂತಿತ್ತು, ಸ್ಟೇಜ್ ಮೇಲೆ ಹಾಸಿದ್ದ ಜಮಖಾನ ತೊಯ್ದು ತೊಪ್ಪೆ, ದೇವರ ಮುಂದೆ ಅಂತ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತಿದ್ದೆ. ಎಡಗೈ ತಂತಿ ಮೇಲಿತ್ತು. ಮೊದಲ ಸಾಲು ಹಾಡೋಕೆ ಬಗ್ಗಿದ್ನೋ ಇಲ್ವೋ ಮೈಕಿನ ಜಾಲರಿಯಿಂದ ತುಟಿಗೆ ಚಟ್ ಅಂತ ಹೊಡೀತು, ತಲೆ ತಾನಾಗೇ ಹಿಂದಕ್ಕೆ ಹೋಯ್ತು, ಬಾಯೆಲ್ಲಾ ತಾಮ್ರದ ಕಾಸು ಚೀಪಿದಂಗೆ. ಡ್ರಮ್ಮರ್ ಹತ್ರ ಟೆಸ್ಟರ್ ಇತ್ತು, ತಂತಿಗೆ ಮುಟ್ಟಿಸಿದ್ರೆ ಒಳಗಿನ ಪುಟ್ಟ ದೀಪ ಹತ್ಕೊಳ್ತು. ಪ್ರೋಗ್ರಾಮ್ ನಿಲ್ಲಿಸಿ ಎಕ್ಸ್‌ಟೆನ್ಷನ್ ಬಾಕ್ಸ್ ಬಿಚ್ಚಿ ನೋಡಿದ್ವಿ, ಮೇಲೆ ಮೂರು ತೂತು, ಒಳಗೆ ಎರಡೇ ವೈರು. ಅರ್ಥಿಂಗ್ ಅನ್ನೋದು ಬರೀ ತೂತಿನ ಲೆಕ್ಕಕ್ಕಿತ್ತು.

ಯಾಕೆ ಹಿಂಗಾಗುತ್ತೆ ಅಂದ್ರೆ, ಎಲೆಕ್ಟ್ರಿಕ್ ಗಿಟಾರಿನ ತಂತಿಗಳನ್ನ ಬ್ರಿಡ್ಜ್ ಕೆಳಗೆ ಒಂದು ವೈರ್ ಹಾಕಿ ಆಂಪಿನ ಅರ್ಥಿಗೆ ಸೇರಿಸಿರ್ತಾರೆ. ಮೈಕಿನ ಜಾಲರಿ ಮಿಕ್ಸರಿನ ಅರ್ಥಿಗೆ ಸೇರಿರುತ್ತೆ. ಆಂಪು ಒಂದು ಬೋರ್ಡಿಂದ, ಮಿಕ್ಸರು ಇನ್ಯಾವುದೋ ಮನೆಯಿಂದ ಎಳೆದ ವೈರಿಂದ ಕರೆಂಟ್ ತಗೊಂಡ್ರೆ, ಅಥವಾ ಒಂದಕ್ಕೆ ಅರ್ಥಿಂಗೇ ಇಲ್ದಿದ್ರೆ, ಎರಡರ ನಡುವೆ ವೋಲ್ಟೇಜ್ ನಿಲ್ಲುತ್ತೆ. ಅವೆರಡನ್ನ ಜೋಡಿಸೋ ವೈರು ಆವಾಗ ನಿಮ್ಮ ಕೈ, ಎದೆ, ತುಟಿ. 1972ರಲ್ಲಿ ವೇಲ್ಸ್ ದೇಶದ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರಿಸ್ಟ್ ಲೆಸ್ ಹಾರ್ವಿ ಸ್ಟೇಜ್ ಮೇಲೆ ಮೈಕ್ ಮುಟ್ಟಿ ಶಾಕ್ ಹೊಡೆದು ತೀರ್ಕೊಂಡ. ಅರ್ಥಿಂಗ್ ಸರಿ ಇರ್ಲಿಲ್ಲ.

ದಪ್ಪ ಕಡ್ಡಿ ಕಿತ್ರೆ ಹಮ್ಮು ಹೋಗುತ್ತೆ ಅನ್ನೋದು ಎಷ್ಟೋ ಸಲ ನಿಜ, ಅದಕ್ಕೇ ಜನ ಕೀಳ್ತಾರೆ. ಆಂಪಿಗೂ ಮಿಕ್ಸರಿಗೂ ನಡುವೆ ಅರ್ಥ್ ಎರಡು ದಾರೀಲಿ ಸುತ್ತಾಡ್ತಿದ್ರೆ ಆ ಸುತ್ತಲ್ಲೇ 50 ಹರ್ಟ್ಜ್ ಹಮ್ಮು ಹುಟ್ಟೋದು, ಒಂದು ದಾರಿ ಕಡಿದ್ರೆ ನಿಲ್ಲುತ್ತೆ. ಆದ್ರೆ ನೀವು ಕಡಿದಿದ್ದು ಪ್ರಾಣ ಉಳಿಸೋ ದಾರಿ. ಆಂಪಿನೊಳಗೆ ಒಂದು ಲೈವ್ ವೈರ್ ಬಿಟ್ಕೊಂಡು ಲೋಹದ ಮೈಗೆ ತಾಗಿದ್ರೆ ಅರ್ಥ್ ಇದ್ದಾಗ ಫ್ಯೂಸ್ ಹಾರುತ್ತೆ, ಅರ್ಥ್ ಇಲ್ದಿದ್ರೆ ನಿಮ್ಮ ತಂತೀಲಿ 230 ವೋಲ್ಟ್ ಸುಮ್ಮನೆ ಕಾಯ್ತಾ ಕೂತಿರುತ್ತೆ. ಆ ಕಡ್ಡಿ ಬೇರೆ ಎರಡಕ್ಕಿಂತ ಉದ್ದ ಯಾಕಿದೆ ಗೊತ್ತಾ, ಪ್ಲಗ್ ಹಾಕುವಾಗ ಅದೇ ಮೊದಲು ಸೇರ್ಲಿ, ತೆಗೆಯುವಾಗ ಅದೇ ಕೊನೇಲಿ ಬಿಡ್ಲಿ ಅಂತ.

ಮಾಡ್ಬೇಕಾದ್ದು ಹೇಳ್ತೀನಿ. ಸ್ಟೇಜಿನ ಆಂಪು, ಎಫೆಕ್ಟು, ಕೀಬೋರ್ಡು, ಮಿಕ್ಸರು ಎಲ್ಲದಕ್ಕೂ ಒಂದೇ ಬೋರ್ಡಿಂದ ಕರೆಂಟ್ ತಗೊಳ್ಳಿ. ನಿಮ್ಮದೇ ಒಂದು ಎಕ್ಸ್‌ಟೆನ್ಷನ್ ಮಾಡಿಸ್ಕೊಳ್ಳಿ, ಮೂರು ಕೋರ್ ವೈರು, ಹಸಿರು ವೈರ್ ಎರಡೂ ತುದೀಲಿ ಬಿಗಿಯಾಗಿದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡ್ಸಿ, ಅದರಲ್ಲೇ 30 ಮಿಲಿಆಂಪಿನ ಆರ್‌ಸಿಸಿಬಿ ಅನ್ನೋ ಸುರಕ್ಷತಾ ಸ್ವಿಚ್ ಹಾಕ್ಸಿ, ಮೈಮೇಲೆ ಕರೆಂಟ್ ಹರಿದ್ರೆ ಕಣ್ಣು ಮಿಟುಕಿಸೋದ್ರೊಳಗೆ ಕಟ್ ಮಾಡುತ್ತೆ. ಜನರೇಟರ್ ಆದ್ರೆ ಅದಕ್ಕೆ ಅರ್ಥ್ ರಾಡ್ ಹೊಡೆದಿದಾರಾ ಅಂತ ಕೇಳಿ, ನಾಚ್ಕೋಬೇಡಿ. ಹಾಡೋಕೆ ಮುಂಚೆ ಮಲ್ಟಿಮೀಟರನ್ನ ಎಸಿ ವೋಲ್ಟಿಗೆ ಇಟ್ಟು ಒಂದು ಕಡ್ಡಿ ತಂತಿಗೆ, ಇನ್ನೊಂದು ಮೈಕ್ ಜಾಲರಿಗೆ ಮುಟ್ಟಿಸಿ, ಸೊನ್ನೆ ಹತ್ರ ಇರ್ಬೇಕು. ಇಲ್ಲ ಅಂದ್ರೆ ಹಾಡ್ಬೇಡಿ, ಗೌಡ್ರು ಬೈದ್ರೂ ಸರಿ.

ಹಮ್ಮಿಗೆ ಬೇರೆ ದಾರಿ ಇದೆ. ಮಲ್ಟಿ ಎಫೆಕ್ಟಿಗೂ ಮಿಕ್ಸರಿಗೂ ನಡುವೆ ಡಿಐ ಬಾಕ್ಸ್ (ಸಿಗ್ನಲ್ಲನ್ನ ಮಿಕ್ಸರಿಗೆ ಹೊಂದೋ ಹಂಗೆ ಮಾಡೋ ಪುಟ್ಟ ಡಬ್ಬ) ಹಾಕಿ, ಅದರಲ್ಲಿ ಗ್ರೌಂಡ್ ಲಿಫ್ಟ್ ಅಂತ ಸ್ವಿಚ್ ಇರುತ್ತೆ, ಅದು ಸಿಗ್ನಲ್ ಕೇಬಲ್ಲಿನ ಅರ್ಥನ್ನ ಮಾತ್ರ ಬಿಡಿಸುತ್ತೆ, ಕರೆಂಟಿನ ಅರ್ಥ್ ಮುಟ್ಟಲ್ಲ. ಅದಕ್ಕೂ ಮುಂಚೆ ಒಂದು ಪರೀಕ್ಷೆ: ಗಿಟಾರ್ ಹಾಕ್ಕೊಂಡು ನಿಂತಲ್ಲೇ ಒಂದು ಸುತ್ತು ತಿರುಗಿ. ತಿರುಗಿದಂಗೆ ಹಮ್ಮು ಹೆಚ್ಚು ಕಮ್ಮಿ ಆದ್ರೆ ಅದು ಪಿಕಪ್ (ತಂತಿ ಕಂಪನಾನ ಸಿಗ್ನಲ್ ಮಾಡೋ ಸುರುಳಿ) ಹಿಡೀತಿರೋದು. ಸಿಂಗಲ್ ಕಾಯಿಲ್ ಪಿಕಪ್ಪಿನ ಸ್ವಭಾವವೇ ಅದು. ಕೋಬೇನ್ ನುಡಿಸ್ತಿದ್ದ 1965ರ ಫೆಂಡರ್ ಜಾಗ್ವಾರಲ್ಲಿ ಮೂಲದ ಸಿಂಗಲ್ ಕಾಯಿಲ್ ತೆಗೆದು ಡಿಮಾರ್ಜಿಯೋ ಹಂಬಕರ್ ಹಾಕಿತ್ತು, ಹಂಬಕರಲ್ಲಿ ಎರಡು ಸುರುಳಿ ಒಂದಕ್ಕೊಂದು ಉಲ್ಟಾ ಇರುತ್ತೆ, ಹಮ್ಮು ಹಮ್ಮನ್ನೇ ತಿಂದಾಕುತ್ತೆ, ಜೊತೆಗೆ ದನೀನೂ ದಪ್ಪ ಬರುತ್ತೆ.

*

ಪ್ರಶ್ನೆ: ಮಂಡ್ಯದಲ್ಲಿ ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಓದ್ತಿದೀನಿ ಅಣ್ಣ. ಲ್ಯಾಬಲ್ಲಿ ಸಿಗೋ ಸಾಮಾನಲ್ಲೇ ಡಿಸ್ಟಾರ್ಷನ್ ಪೆಡಲ್ ಮಾಡೋಕಾಗುತ್ತಾ, ಅಥವಾ ಸ್ಪೆಷಲ್ ಐಸಿ ಬೇಕಾ?

ಉತ್ತರ: ನಿಮ್ಮ ಲ್ಯಾಬಲ್ಲಿ ಕೈಗೆ ಮೊದಲು ಕೊಡೋ 741 ಐಸಿ ಇದೆಯಲ್ಲ, ಅದೇ ಸಾಕು! ಎಂಎಕ್ಸ್ಆರ್ ಡಿಸ್ಟಾರ್ಷನ್ ಪ್ಲಸ್ ಅನ್ನೋ ಹಳದಿ ಪೆಡಲ್ ಒಳಗೆ ಇದ್ದದ್ದು ಅದೇ 741. ಹಸ್ಕರ್ ಡೂ ಬ್ಯಾಂಡಿನ ಬಾಬ್ ಮೌಲ್ಡ್ 1980ರ ದಶಕದಲ್ಲಿ ಆ ಒಂದು ಪೆಡಲ್ ಇಟ್ಕೊಂಡೇ ಗೋಡೆ ಅಲ್ಲಾಡೋ ಹಂಗೆ ನುಡಿಸ್ತಿದ್ದ, ನಿರ್ವಾಣಕ್ಕೂ ಮುಂಚಿನ ಮಾತದು.

ಸರ್ಕ್ಯೂಟು ನೀವು ಲ್ಯಾಬ್ ರೆಕಾರ್ಡಲ್ಲಿ ಬರೆದಿರೋ ನಾನ್ ಇನ್ವರ್ಟಿಂಗ್ ಆಂಪ್ಲಿಫೈಯರೇ. 9 ವೋಲ್ಟ್ ಬ್ಯಾಟರಿ ಒಂದೇ ಇರೋದ್ರಿಂದ ಎರಡು ಸಮ ರೆಸಿಸ್ಟರ್ ಹಾಕಿ 4.5 ವೋಲ್ಟ್ ಬಯಾಸ್ ಮಾಡ್ಕೊಳ್ಳಿ. ಫೀಡ್‌ಬ್ಯಾಕಿಗೆ 1 ಮೆಗಾಓಮ್, ಕೆಳಗೆ 4.7 ಕಿಲೋಓಮ್, ಅದರ ಜೊತೆ ಸರಣೀಲಿ 500 ಕಿಲೋಓಮ್ ಪಾಟ್ (ತಿರುಗಿಸೋ ರೆಸಿಸ್ಟರ್) ಮತ್ತೊಂದು ಕೆಪಾಸಿಟರ್, ಪಾಟ್ ಪೂರ್ತಿ ತಿರುಗಿಸಿದ್ರೆ ಗೇನ್ 200 ಪಟ್ಟು ದಾಟುತ್ತೆ. ಔಟ್‌ಪುಟ್ಟಿಂದ ಕೆಪಾಸಿಟರ್, 10 ಕಿಲೋಓಮ್, ಆಮೇಲೆ ಎರಡು ಡಯೋಡ್ ಒಂದಕ್ಕೊಂದು ಉಲ್ಟಾ ಗ್ರೌಂಡಿಗೆ, ಕೊನೇಲಿ ವಾಲ್ಯೂಮ್. ಡಯೋಡ್ 1ಎನ್4148 ಹಾಕಿದ್ರೆ ಗಟ್ಟಿಯಾಗಿ ಕತ್ತರಿಸುತ್ತೆ. ಹಳೇ ರೇಡಿಯೋ ರಿಪೇರಿ ಅಂಗಡೀಲಿ ಒಎ79 ಅಂತ ಗಾಜಿನ ಜರ್ಮೇನಿಯಂ ಡಯೋಡ್ ಸಿಕ್ರೆ ಬಿಡ್ಬೇಡಿ, ಅದು 0.3 ವೋಲ್ಟ್ ಹತ್ರಾನೇ ಮೆಲ್ಲಗೆ ಬಗ್ಗಿಸೋಕೆ ಶುರು ಮಾಡುತ್ತೆ, ದನಿ ಮೆತ್ತಗೆ, ಸದ್ದು ಸ್ವಲ್ಪ ಕಮ್ಮಿ. ಎರಡನ್ನೂ ಬ್ರೆಡ್‌ಬೋರ್ಡಲ್ಲಿ ಬದಲಾಯಿಸಿ ಕೇಳಿ, ಸ್ಕೋಪಲ್ಲಿ ಅಲೆ ನೋಡ್ತಾ ಕೇಳಿ, ಪಾಠ ಮತ್ತೆ ಮರೆಯಲ್ಲ.

ಡಬ್ಬ ಲೋಹದ್ದೇ ಇರ್ಲಿ, ಪ್ಲಾಸ್ಟಿಕ್ ಆದ್ರೆ ಟ್ಯೂಬ್‌ಲೈಟಿನ ಸದ್ದೆಲ್ಲಾ ಒಳಗೆ ಬರುತ್ತೆ. ಇನ್‌ಪುಟ್ಟಿಗೆ ಸ್ಟೀರಿಯೋ ಜ್ಯಾಕ್ ಹಾಕಿ ಬ್ಯಾಟರಿ ಮೈನಸ್ಸನ್ನ ನಡುವಿನ ರಿಂಗಿಗೆ ಕೊಡಿ, ಗಿಟಾರ್ ಕೇಬಲ್ ಚುಚ್ಚಿದಾಗ ಮಾತ್ರ ಬ್ಯಾಟರಿ ಸೇರುತ್ತೆ. ಪೆಡಲ್ ಬ್ಯಾಟರಿ ರಾತ್ರಿ ಬೆಳಗಾಗೋದ್ರಲ್ಲಿ ಖಾಲಿ ಆಗುತ್ತೆ ಅಂತ ಇನ್ನೂ ಮೂರು ಜನ ಬರೆದಿದ್ರು, ಅವರಿಗೂ ಇದೇ ಉತ್ತರ, ನುಡಿಸಿ ಆದ್ಮೇಲೆ ಕೇಬಲ್ ಎಳೆದಿಡಿ.

*

ಪ್ರಶ್ನೆ: ನಾನು ಮೈಸೂರಲ್ಲೇ ಡಿಗ್ರಿ ಓದ್ತಿರೋಳು. ಕಾಲೇಜ್ ಫೆಸ್ಟಲ್ಲಿ ಅನ್‌ಪ್ಲಗ್ಡ್, ಅಂದ್ರೆ ಎಲೆಕ್ಟ್ರಿಕ್ ಬಿಟ್ಟು ಅಕೂಸ್ಟಿಕ್ ಗಿಟಾರಲ್ಲೇ ಕಾರ್ಯಕ್ರಮ ಮಾಡ್ತಿದೀವಿ. ಅನ್‌ಪ್ಲಗ್ಡ್ ಅಂದ್ಮೇಲೆ ಪೆಡಲ್ ಹಾಕಿದ್ರೆ ಮೋಸ ಅಂತ ನಮ್ಮ ಬ್ಯಾಂಡಲ್ಲೇ ಜಗಳ. ನೀವೇ ಹೇಳಿ.

ಉತ್ತರ: ಮೋಸ ಅಲ್ಲಮ್ಮ. 1993ರ ನವೆಂಬರ್ 18ರಂದು ನ್ಯೂಯಾರ್ಕಲ್ಲಿ ನಿರ್ವಾಣ ನುಡಿಸಿದ ಆ ಪ್ರಸಿದ್ಧ ಅನ್‌ಪ್ಲಗ್ಡ್ ಇದೆಯಲ್ಲ, ಅವತ್ತು ಕೋಬೇನ್ ಕೈಲಿದ್ದದ್ದು 1959ರ ಮಾರ್ಟಿನ್ ಡಿ-18ಇ. ಅದಕ್ಕೆ ಪಿಕಪ್ ಹಾಕಿತ್ತು, ಕಾಲ ಹತ್ರ ಪೆಡಲ್ ಇತ್ತು, ಅದು ಹೋಗ್ತಿದ್ದದ್ದು ಫೆಂಡರ್ ಟ್ವಿನ್ ಆಂಪಿಗೆ. ಆಂಪಿಲ್ದೆ ಅವನಿಗೆ ಧೈರ್ಯ ಬರ್ತಿರ್ಲಿಲ್ಲ, ಹಾಗಾಗಿ ಅದು ಮಾನಿಟರ್ ತರ ಕಾಣ್ಲಿ ಅಂತ ಮುಂದೆ ಒಂದು ಪೆಟ್ಟಿಗೆ ಮಾಡಿ ಮರೆ ಮಾಡಿದ್ರು. ಆ ಗಿಟಾರ್ 2020ರಲ್ಲಿ 60 ಲಕ್ಷ ಡಾಲರಿಗೂ ಮೇಲೆ ಹರಾಜಾಯ್ತು. ಪೆಡಲ್ ಹಾಕಿ, ಆದ್ರೆ ಒಂದೆರಡು ಹಾಡಿಗೆ ಮಾತ್ರ.

ಸೌಂಡ್ ಹೋಲ್ ಇರೋ ಗಿಟಾರಿಗೆ ಡಿಸ್ಟಾರ್ಷನ್ ಹಾಕಿದ್ರೆ ಕುಯ್ ಅಂತ ಫೀಡ್‌ಬ್ಯಾಕ್ ಬರುತ್ತೆ, ತೂತಿಗೆ ರಬ್ಬರ್ ಮುಚ್ಚಳ ಹಾಕಿ, ಸ್ಪೀಕರ್ ಕಡೆ ಮುಖ ಮಾಡ್ಬೇಡಿ.

*

ಪ್ರಶ್ನೆ: ಲಕ್ಷ್ಮೀಪುರಂನಲ್ಲಿ ಎಂಟು ವರ್ಷದಿಂದ ವೀಣೆ ಕಲೀತಿದೀನಿ. ಇಂಗ್ಲೆಂಡಿನ ರೇಡಿಯೋಹೆಡ್ ಬ್ಯಾಂಡ್ ಅಂದ್ರೆ ಪ್ರಾಣ. ವೀಣೆಗೆ ಡಿಲೇ ಪೆಡಲ್ (ನುಡಿಸಿದ್ದನ್ನ ಪ್ರತಿಧ್ವನಿ ತರ ಮತ್ತೆ ಕೇಳಿಸೋದು) ಹಾಕ್ಬೋದಾ? ಗುರುಗಳಿಗೆ ಹೇಳೋಕೆ ಭಯ.

ಉತ್ತರ: ಈ ಪತ್ರ ಎರಡು ಸಲ ಓದಿದೆ. ರೇಡಿಯೋಹೆಡ್ಡಿನ ಜಾನಿ ಗ್ರೀನ್‌ವುಡ್ ಒಂಡ್ ಮಾರ್ಟೆನೋ ಅಂತ ಒಂದು ವಾದ್ಯ ನುಡಿಸ್ತಾನೆ, ಫ್ರಾನ್ಸಿನ ಮೋರಿಸ್ ಮಾರ್ಟೆನೋ 1928ರಲ್ಲಿ ಜನರ ಮುಂದಿಟ್ಟಿದ್ದು. ಬೆರಳಿಗೆ ಉಂಗುರ ಹಾಕ್ಕೊಂಡು ಒಂದು ತಂತಿ ಉದ್ದಕ್ಕೂ ಜಾರಿಸ್ತಾ ಹೋದ್ರೆ ಸ್ವರದಿಂದ ಸ್ವರಕ್ಕೆ ಜಾರು ಬರುತ್ತೆ, ಎಡಗೈಲಿ ದನಿ ಏರಿಸಿ ಇಳಿಸ್ಬೋದು. ಗಮಕ ಬಲ್ಲ ನಿಮಗೆ ಅದನ್ನ ಕೇಳಿದ್ರೆ ನೆಂಟರ ಮನೆಗೆ ಹೋದಂಗೆ ಅನ್ಸುತ್ತೆ.

ಗುರುಗಳ ಭಯಕ್ಕೆ ನಮ್ಮ ಟಿ. ಚೌಡಯ್ಯನವರನ್ನ ನೆನಪಿಸ್ತೀನಿ, ತಿರುಮಕೂಡಲಿನವರು, ಇಲ್ಲೇ ಪಕ್ಕದವರು. ಮೈಕ್ ಇಲ್ಲದ ಕಾಲದಲ್ಲಿ ಪಿಟೀಲು ಕೊನೇ ಸಾಲಿನವರಿಗೂ ಕೇಳ್ಬೇಕು ಅಂತ ನಾಲ್ಕು ತಂತಿಗೆ ಮೂರು ಸೇರಿಸಿ ಏಳು ತಂತಿ ಮಾಡ್ಕೊಂಡ್ರು. ನೀವು ಕದ್ದು ಮಾಡ್ಬೇಡಿ. ಗುರುಗಳ ಮುಂದೆ ಒಂದು ಆಲಾಪನೆ ಹಾಗೇ ನುಡಿಸಿ, ಅದನ್ನೇ ಡಿಲೇ ಹಾಕಿ ನುಡಿಸಿ, ಅವರ ಕಿವಿ ಹೇಳಿದ್ದು ಕೇಳಿ.

ವೀಣೆಗೆ ಪೀಜೋ ಕಾಂಟ್ಯಾಕ್ಟ್ ಮೈಕ್ (ವಾದ್ಯದ ಮೈಗೆ ಅಂಟಿಸಿ ಕಂಪನ ಹಿಡಿಯೋದು) ಬೇಕು, ಪ್ರೀಆಂಪ್ ಇಲ್ದೆ ನೇರ ಪೆಡಲ್ಲಿಗೆ ಕೊಟ್ರೆ ದನಿ ತಗಡು ತಗಡು ಬರುತ್ತೆ. ಡಿಲೇಯಲ್ಲಿ ಮಿಕ್ಸ್ ಕಾಲು ಭಾಗ ದಾಟಿಸ್ಬೇಡಿ, ಜಾಸ್ತಿ ಆದ್ರೆ ಹಿಂದಿನ ಗಮಕದ ನೆರಳು ಮುಂದಿನ ಸ್ವರದ ಮೇಲೆ ಬಿದ್ದು ಎರಡೂ ಕಲಸಿಹೋಗುತ್ತೆ, ತೋಡಿಯಂಥ ರಾಗದಲ್ಲಂತೂ ಸಹಿಸೋಕಾಗಲ್ಲ. ಮೊದಲು ಮೋಹನದಲ್ಲಿ ಪ್ರಯತ್ನಿಸಿ. ಪೀಜೋನ ಕುದುರೆ ಪಕ್ಕ, ಕೊಡದ ಹಲಗೆ ಮೇಲೆ ಇಡಿ. ಫೆವಿಕ್ವಿಕ್ ಮಾತ್ರ ಹಾಕ್ಬೇಡಿ, ಕೀಳುವಾಗ ಪಾಲಿಶ್ ಸಮೇತ ಬರುತ್ತೆ. ಮೆಟ್ಟಿಲು ಕೂರಿಸೋಕೆ ಬಳಸ್ತಾರಲ್ಲ, ಆ ಮೇಣವನ್ನ ವೀಣೆ ರಿಪೇರಿಯವರ ಹತ್ರ ಕಡಲೆಕಾಳಿನಷ್ಟು ಇಸ್ಕೊಳ್ಳಿ, ಬೆರಳಲ್ಲಿ ತಿಕ್ಕಿ ಬಿಸಿ ಮಾಡಿ ಒತ್ತಿದ್ರೆ ಹಿಡ್ಕೊಳ್ಳುತ್ತೆ.